ಮಾಂಬಳದ ವಿಚಾರಣೆ

ಮಕ್ಕಳೇ, ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ನಮ್ಮ ಕೂಡುಕುಟುಂಬಕ್ಕೆ ಕಾನೂನು ಮಾಡುವವರು, ಅದನ್ನು ನಡೆಸುವವರು, ತಪ್ಪಿದರೆ ತೀರ್ಪು ಕೊಡುವವರು ಎಲ್ಲ ದೊಡ್ಡಪ್ಪನೇ. ಸಂಜೆ ದೀಪ ಹಚ್ಚಿದ ಮೇಲೆ ಅವರು ಜಗಲಿಯಲ್ಲಿ ಕೂತು, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕರೆದರೆ, ನಾವು ಹೋಗಿ ಸಾಲಾಗಿ ನಿಲ್ಲಬೇಕಿತ್ತು.

ನಾನೂ ಚಿಕ್ಕಪ್ಪನ ಮಗಳು ಸರಳಾಳೂ ಏಳನೇ ಕ್ಲಾಸು ಮುಗಿಸಿದ ಬೇಸಗೆ ಅದು. ನಮ್ಮೂರಿನ ಶಾಲೆ ಇದ್ದದ್ದೇ ಅಲ್ಲಿಯವರೆಗೆ. ದೊಡ್ಡಪ್ಪನ ತಂಗಿ, ಉಡುಪಿಯ ಅತ್ತೆ, ಬಂದಿದ್ದರು. ಇಬ್ಬರಲ್ಲಿ ಒಬ್ಬಳನ್ನು ಕರೆದುಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸುತ್ತೇನೆ ಎಂದಿದ್ದರು. ಲೆಕ್ಕದಲ್ಲಿ ನಾನು ಮುಂದು, ಮಾತಿನಲ್ಲಿ ಅವಳು. ಹೋಗುವವಳು ನಾನೇ ಎಂದು ಮನಸ್ಸಿನಲ್ಲೇ ಗಂಟು ಕಟ್ಟಿಯಾಗಿತ್ತು.

ಅಂಗಳದ ಚಾಪೆಯ ಮೇಲೆ ಮಾಂಬಳ ಒಣಗುತ್ತಿತ್ತು. ಕಾಟು ಮಾವಿನ ರಸವನ್ನು ದಿನಕ್ಕೊಂದು ಪದರ ಬಳಿದು ಬಿಸಿಲಿಗಿಡುವುದು. ಒಣಗಿದ ಮೇಲೆ ಮತ್ತೆ ಬಳಿಯುವುದು. ಇಡೀ ಅಂಗಳಕ್ಕೆ ಹುಳಿಸಿಹಿ ವಾಸನೆ. ಕಾಗೆ ಓಡಿಸಲು ಕೋಲು ಹಿಡಿದು ಕೂರುವ ಕೆಲಸ ನಮ್ಮಿಬ್ಬರದು. ಒಂದು ದಿನ ನೋಡಿದರೆ ಮೂಲೆಯನ್ನು ಯಾರೋ ಕಿತ್ತು ತಿಂದಿದ್ದರು.

"ಯಾರು ತಿಂದದ್ದು?" ಎಂದು ದೊಡ್ಡಪ್ಪ ಕೇಳಿದರು.

"ಅಯ್ಯೋ ದೊಡ್ಡಪ್ಪ, ನಾನು ತಿಂದಿದ್ರೆ ಮೂಲೆ ಮಾತ್ರ ಅಲ್ಲ, ಚಾಪೆಯೂ ಉಳೀತಿರಲಿಲ್ಲ!" ಎಂದಳು ಸರಳಾ. ದೊಡ್ಡಪ್ಪನಿಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ನಕ್ಕರು.

"ನೀನು ಹೇಳು ಹೆಣ್ಣೇ."

ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತೆ.

"ಎಂತ, ಬಾಯಿಯಲ್ಲಿ ಇನ್ನೂ ಮಾಂಬಳ ಉಂಟಾ?"

ಎಲ್ಲರೂ ನಕ್ಕರು. ನಾನು ಆಗಲೂ ಬಾಯಿ ಬಿಡಲಿಲ್ಲ.

"ತಪ್ಪು ಮಾಡದವಳಿಗೆ ಹೇಳ್ಲಿಕ್ಕೆ ಎಂತ ಕಷ್ಟ? ಇವಳೇ," ಎಂದು ದೊಡ್ಡಪ್ಪ ಎಲೆ ಬಾಯಿಗಿಟ್ಟರು. ವಿಚಾರಣೆ ಮುಗಿಯಿತು.

ಒಳಗೆ ಅತ್ತೆ ಅಮ್ಮನಿಗೆ ಹೇಳಿದ್ದು ಕೇಳಿಸಿತು: "ಕದ್ದು ತಿನ್ನುವವಳನ್ನು ನಾನು ಹೇಗೆ ಇಟ್ಟುಕೊಳ್ಳಲಿ ಅತ್ತಿಗೆ?" ಅಮ್ಮ ಸಾರಿಗೆ ಸೌಟು ಆಡಿಸುತ್ತಲೇ ಇದ್ದಳು.

ಸರಳಾ ಹೋದಳು. ದಸರಾ ರಜೆಗೆ ನೀಲಿ ಲಂಗ, ಎರಡು ಜಡೆ, ರಿಬ್ಬನ್ನು ಕಟ್ಟಿಕೊಂಡು ಬಂದಳು. ಕೈವಾರ ತೋರಿಸಿ, "ಹಿಡಿದು ನೋಡು ಮಾರಾಯ್ತಿ, ಗುಂಡಗೆ ಗೆರೆ ಎಳೀತದೆ," ಎಂದಳು. ನಾನು ಮುಟ್ಟಲಿಲ್ಲ. ಅವಳು ಮೀಯಲು ಹೋದಾಗ ತೆಗೆದು, ಹಿತ್ತಲ ಗೋಡೆಯ ಮೇಲೆ ಒಂದು ವೃತ್ತ ಎಳೆದೆ. ಹೊಟ್ಟೆಯೊಳಗೆ ಒಲೆ ಉರಿದ ಹಾಗಿತ್ತು. ಅವಳು ಜಂಬದವಳಾಗಿದ್ದರೆ ಸುಲಭವಿತ್ತು; ಅದೂ ಅಲ್ಲ. ಮುಂದೆ ಊರವರು ಅವಳನ್ನು "ಸರಳಾ ಟೀಚರ್" ಎಂದು ಕರೆದಾಗಲೆಲ್ಲ ನಾನು ಒಳಗೆ ಎದ್ದು ಹೋಗುತ್ತಿದ್ದೆ.

ಕಳೆದ ವಾರ ಇಲ್ಲಿ ಗಲ್ಫಿನಲ್ಲಿ, ಮಿರ್ದಿಫ್‌ನ ಮನೆಯಲ್ಲಿ, ಟ್ಯಾಬಿನ ಗಾಜು ಒಡೆದವರು ಯಾರೆಂದು ನಿನ್ನಪ್ಪ ನಿನ್ನನ್ನು ಕೇಳಿದ ಅಲ್ಲವಾ, ಅನ್ವಿ?

"ನಾನು ಆನ್ಸರ್ ಮಾಡ್ಬೇಕಂತ ಇಲ್ಲ ಪಪ್ಪಾ. ಸೈಲೆಂಟ್ ಇದ್ರೆ ಗಿಲ್ಟಿ ಅಂತ ಅಲ್ಲ. ನೀವೇ ಪ್ರೂವ್ ಮಾಡ್ಬೇಕು. ಮತ್ತೆ, ಕಂಪ್ಲೇಂಟ್ ಕೊಟ್ಟವ್ರೇ ಜಡ್ಜ್ ಆಗ್ಲಿಕ್ಕಿಲ್ಲ."

"ಖಲಾಸ್! ಅಮೆರಿಕದ ಸಿಲೆಬಸ್ಸಿಗೆ ಹಾಕಿದ್ದಕ್ಕೆ ನನಗೆ ಇದೇ ಆಗ್ಬೇಕು," ಎಂದು ಅವನು ನಕ್ಕು ಬಿಟ್ಟುಬಿಟ್ಟ.

ಆಮೇಲೆ ಅಡುಗೆಮನೆಯಲ್ಲಿ ನಿನ್ನನ್ನು ಕೇಳಿದೆ, ಇದನ್ನೆಲ್ಲ ಯಾರು ಹೇಳಿದ್ದು ಎಂದು.

"ಆ ಕಂಟ್ರಿ ಸ್ಟಾರ್ಟ್ ಮಾಡಿದವ್ರು ಬರೆದದ್ದು ಅಜ್ಜಿ. ಟೂ ಹಂಡ್ರೆಡ್ ಇಯರ್ಸ್ ಮೇಲಾಯ್ತು."

ಅಂದರೆ ನಾನು ಆ ಜಗಲಿಯಲ್ಲಿ ನಿಂತಾಗ ಅದು ಎಂದೋ ಬರೆದಾಗಿತ್ತು. ಸುಮ್ಮನಿರುವುದೂ ಒಂದು ಹಕ್ಕು ಎಂದು ಲೋಕದಲ್ಲಿ ಎಲ್ಲೋ ಗೊತ್ತಿತ್ತು. ನಮ್ಮ ಮನೆಗೆ ಬಂದು ಯಾರೂ ಹೇಳಲಿಲ್ಲ. ನಿಜ ಹೇಳುತ್ತೇನೆ ಅನ್ವಿ, ಆ ಹೊತ್ತು ನಿನ್ನ ಮೇಲೆ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಸರಳಾಳ ಮೇಲಿನದು ಏನೂ ಅಲ್ಲ. ನಿನ್ನ ಮುಖ ನೋಡಲಾಗದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ದೊಡ್ಡಪ್ಪ ಇಲ್ಲ, ಅತ್ತೆ ಇಲ್ಲ, ಅಮ್ಮ ಇಲ್ಲ. ಹೋದ ವರ್ಷ ಸರಳಾಳೂ ಹೋದಳು. ಆ ಹೈಸ್ಕೂಲಂತೂ ನನಗೆ ಸಿಗಲಿಲ್ಲ; ಈಗ ಆ ಪ್ರಶ್ನೆ ಕೇಳಿದವರು, ನಕ್ಕವರು, ನಂಬಿದವರು ಒಬ್ಬರೂ ಉಳಿದಿಲ್ಲ. ಉತ್ತರ ಕೊಡಲೇಬೇಕೆಂದಿಲ್ಲ ಎಂದು ನೀನು ಹೇಳುತ್ತೀಯ. ಆದರೂ ಕೊಡುತ್ತೇನೆ.

ನಾನು ತಿಂದಿರಲಿಲ್ಲ.