ಅಂಗೈ ಮೇಲಿನ ವೈನು

ಚಿಕ್ಕೇರೂರಿನ ಆಲೆಮನೆಯಲ್ಲಿ ಪಾಕದ ರುಚಿ ನೋಡಿ ಬೆಲ್ಲದ ಹದ ಹೇಳುವುದು ನನ್ನ ಕೆಲಸವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ನನ್ನ ನಾಲಿಗೆಗೆ ಯಾವ ರುಚಿಯೂ ತಿಳಿಯಲಿಲ್ಲ. ಮೂರು ತಿಂಗಳು ಬರೀ ಕಣ್ಣಂದಾಜಿನಲ್ಲಿ ಹದ ಹೇಳಿದೆ. ಯಾರಿಗೂ ಗೊತ್ತಾಗಲಿಲ್ಲ.

ಅಕ್ಕನ ಗಂಡ ಹಿರೇಕೆರೂರಿನಲ್ಲಿ ವೈನ್ ಅಂಗಡಿ ಇಟ್ಟಿದ್ದಾರೆ. ಒಂದು ಮಧ್ಯಾಹ್ನ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕೆಂಪು, ಎರಡು ಬಿಳಿ ವೈನ್ ಬಾಟಲಿಗಳಿದ್ದವು. ಎಲ್ಲವೂ ವಿಜಯಪುರದ ಕಡೆಯ ದ್ರಾಕ್ಷಿಯವು, ಅಗ್ಗದವು.

"ನಿನ್ನ ನಾಲಿಗಿ ಸುಳ್ಳ ಹೇಳಂಗಿಲ್ಲ. ಅಂಗಡ್ಯಾಗ ಯಾವ್ದು ಇಡಬೇಕು, ಹೇಳು," ಎಂದರು.

ಪಾಕ ನೋಡುವ ಹಾಗೆ ಅಂಗೈಗೆ ಸುರಿದುಕೊಂಡು ನೆಕ್ಕಿದೆ.

"ಗ್ಲಾಸ್ ಐತಲೋ! ತೀರ್ಥ ಅಂತ ತಿಳದೀಯೇನು?"

ಬಿಳಿಯವೆರಡೂ ನೀರಿನಂತಿದ್ದವು. ಮೊದಲ ಕೆಂಪೂ ಹಾಗೆಯೇ ಇತ್ತು.

"ಎಲ್ಲಾ ಒಂದ ಅದಾವ್ರಿ ಮಾಮಾ."

"ಕೆಂಪು, ಬಿಳಿ ಒಂದ ಏನಲೇ? ನೆಕ್ಕಿದ್ದಕ್ಕ ನಿಶೆ ಏರ್ತೇನು?" ಎಂದು ನಕ್ಕರು.

ಆಗ ಹೇಳಿಬಿಟ್ಟೆ. "ಆಕಿ ಹೋದಾಗಿಂದ ನನಗ ರುಚಿ ತಿಳೀವಲ್ದ್ರಿ. ಆಲೆಮನ್ಯಾಗ ಸುಳ್ಳ ಹದ ಹೇಳಾಕತ್ತೇನಿ."

ಅವರು ನಗುವುದನ್ನು ನಿಲ್ಲಿಸಿದರು. ಕೊನೆಯ ಕೆಂಪು ಬಾಟಲಿಯಿಂದ ತಾವೇ ನನ್ನ ಅಂಗೈಗೆ ಸುರಿದರು. ಸಿಹಿಯೋ ಹುಳಿಯೋ ತಿಳಿಯಲಿಲ್ಲ. ಆದರೆ ಎಳೆ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಬಿಗಿಯಿತು.

"ಒಗರೈತ್ರಿ," ಎಂದೆ.

"ಹಂಗಾರ ಇದನ್ನ ಇಡ್ತೇನಿ," ಎಂದರು.

ನನಗೆ ಖುಷಿಯೇನೂ ಆಗಲಿಲ್ಲ. ಒಗರೊಂದರಿಂದ ಬೆಲ್ಲದ ಹದ ಹೇಳಲಾಗುವುದಿಲ್ಲ. ಮರುದಿನ ಆಲೆಮನೆಯ ಮಾಲೀಕರಿಗೆ ನಿಜ ಹೇಳಿ, ಬೇರೆಯವರನ್ನು ನೋಡಿಕೊಳ್ಳಿರೆಂದೆ. ಅವರು ಬೈಯಲಿಲ್ಲ. ಒಲೆಯ ಕಡೆ ಕೈ ತೋರಿಸಿದರು. ಅವತ್ತಿನಿಂದ ಅಲ್ಲಿ ಕುಳಿತು ಒಣಗಿದ ಕಬ್ಬಿನ ಸಿಪ್ಪೆ ಉರಿಗೆ ಹಾಕುತ್ತಿದ್ದೇನೆ.