ಹೆಸರಿನ ಮುಂದಿನ ಗಂ.ಭಾ.

ಮಗಳ ಲಗ್ನಪತ್ರಿಕೆಯ ಕರಡನ್ನು ಮೈದುನ ವಾಟ್ಸಾಪಿನಲ್ಲಿ ಕಳಿಸಿದಾಗ ನಾನು ಎಂಟನೇ ತರಗತಿಯ ಗಣಿತದ ಪೇಪರು ತಿದ್ದುತ್ತ ಕುಳಿತಿದ್ದೆ. ಮದುಮಗಳಿಗೆ ಚಿ.ಕುಂ.ಸೌ., ಮೈದುನನ ಹೆಂಡತಿಗೆ ಸೌ., ನನ್ನ ಅಣ್ಣನಿಗೆ ಶ್ರೀ. ನನ್ನ ಹೆಸರಿನ ಮುಂದೆ ಗಂ.ಭಾ., ಅಂದರೆ ಗಂಗಾ ಭಾಗೀರಥಿ. ಗಂಡ ಸತ್ತವಳಿಗೆ ನಮ್ಮ ಕಡೆ ಪತ್ರಿಕೆಯಲ್ಲಿ ಹೀಗೆ ನದಿಯ ಹೆಸರು ಅಂಟಿಸುತ್ತಾರೆ. ಪವಿತ್ರವಂತೆ. ಅಷ್ಟು ಪವಿತ್ರಳಾದವಳನ್ನು ಅರಿಷಿಣದ ಬಟ್ಟಲಿನ ಹತ್ತಿರ ಯಾಕೆ ಬಿಟ್ಟುಕೊಳ್ಳುವುದಿಲ್ಲ ಎಂದು ಕೇಳಿ ನೋಡಿ, ಎಲ್ಲರಿಗೂ ಒಮ್ಮೆಲೇ ಕೆಮ್ಮು ಬರುತ್ತದೆ.

ಅಣ್ಣನ ಹೆಂಡತಿ ತೀರಿಕೊಂಡೂ ಬಹಳ ವರ್ಷವಾಯಿತು. ಅವನು ಅಂದೂ ಶ್ರೀ, ಇಂದೂ ಶ್ರೀ. ವರ್ಷಾಂತಿಕ ಮುಗಿಯುವ ಮೊದಲೇ ಜನ ಅವನಿಗೆ ಜಾತಕ ತಂದಿದ್ದರು. "ಗಂಡಸರು ಒಬ್ಬರ ಹೆಂಗ ಇರ್ತಾರ್ರಿ? ಚಹಾ ಮಾಡಿ ಕೊಡಲಿಕ್ಕರ ಒಬ್ಬಾಕಿ ಬೇಕಲ್ಲ" ಎಂದರು. ಅವನು ನನಗಿಂತ ಛಲೋ ಚಹಾ ಮಾಡುತ್ತಾನೆ. ಒಲ್ಲೆ ಎಂದ. ಹಾಗಾದರೆ ಏನೋ ಕೊರತೆ ಇರಬೇಕು ಎಂದು ಅದೇ ಜನ ಪಿಸುಗುಟ್ಟಿದರು. ಗಂಡಸನ್ನೂ ಅವರು ಸುಮ್ಮನೆ ಬಿಡುವುದಿಲ್ಲ, ನಿಜ. ಆದರೆ ನೀನು ಒಬ್ಬಳೇ ಹೇಗಿರುತ್ತೀ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಧಾರವಾಡದ ಮಾಳಮಡ್ಡಿಯ ಎರಡು ಕೋಣೆಯ ಬಾಡಿಗೆ ಮನೆ, ಸಾಲೆ, ಆಗಿನ್ನೂ ಎರಡನೇ ತರಗತಿಯಲ್ಲಿದ್ದ ಮಗಳು. ಇದ್ದೆ.

ಪೇಪರು ಬದಿಗಿಟ್ಟು ಮೈದುನನಿಗೆ ಫೋನು ಹಚ್ಚಿದೆ.

"ನನ್ನ ಹೆಸರಿನ ಮುಂದಿಂದು ತಗಸ್ರಿ."

"ವೈನಿ, ಅದು ಮರ್ಯಾದಿ ಮಾತು. ಹಿಂದಿನಿಂದ ಬಂದದ್ದು."

"ಆ ಮರ್ಯಾದಿ ನನಗ ಬ್ಯಾಡ. ಬರೇ ಹೆಸರು ಸಾಕು. ಮತ್ತ ಇನ್ನೊಂದು ಕೇಳ್ರಿ, ನನ್ನ ಮಗಳಿಗೆ ಅರಿಷಿಣ ಮೊದಲ ನಾನ ಹಚ್ಚಾಕಿ."

ಮನ್ಯಾಗ ಕೇಳಿ ಹೇಳ್ತೀನಿ ಎಂದು ಮೈದುನ ಫೋನು ಇಟ್ಟ. ನಮ್ಮಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವವರು ಐದು ಜನ ಮುತ್ತೈದೆಯರು. ಗಂಡನನ್ನು ಕಳೆದುಕೊಂಡ ತಾಯಿ ಒಳಗೆ ಅಡುಗೆಯ ಮೇಲೆ ಕಣ್ಣಿಟ್ಟುಕೊಂಡು ಇರಬೇಕು, ಅಷ್ಟೇ. ಪ್ರತಿ ದೀಪಾವಳಿಗೆ ನಸುಕಿನಲ್ಲಿ ಎಬ್ಬಿಸಿ ಮಗಳ ಮೈಗೆ ಎಣ್ಣೆ, ಅರಿಷಿಣ ಹಚ್ಚಿ ನೀರೆರೆದವಳು ನಾನೇ. ಆಗ ಯಾವ ನದಿಯೂ ಅಡ್ಡ ಬಂದಿರಲಿಲ್ಲ.

ಸಂಜೆಯೇ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಮಗಳ ಕಾಕೂ, ಮನೆಗೆ ಬಂದಳು. ಕೆಟ್ಟವಳಲ್ಲ. "ಅಕ್ಕಾ, ನಂದೇನಿಲ್ಲ. ಬೀಗರು ಏನರ ಅಂದ್ರ?" ಎಂದಳು. ಬೀಗರು ಏನೆನ್ನುತ್ತಾರೆಂದು ಊಹಿಸಿಕೊಂಡು ಕೂಡುವ ಸ್ವಭಾವ ನನ್ನದಲ್ಲ. ಭಾನುವಾರ ಬಸ್ಸು ಹಿಡಿದು ನವನಗರಕ್ಕೆ ಹೋಗಿ ಹುಡುಗನ ತಾಯಿಯ ಎದುರು ಕುಳಿತು ಕಡ್ಡಿ ಮುರಿದಂತೆ ಕೇಳಿದೆ. ಆಕೆ ಸೆರಗು ಸರಿಪಡಿಸಿಕೊಂಡು, "ಹಚ್ರಿ, ತಾಯಿ ಅದೀರಿ. ನಾವ್ಯಾಕ ಬ್ಯಾಡ ಅನ್ನೋಣು?" ಎಂದರು. ನಾನು ಜಗಳಕ್ಕೇ ತಯಾರಾಗಿ ಹೋದವಳು. ಬರುವಾಗ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೆ.

ಪತ್ರಿಕೆ ಅಚ್ಚಾಯಿತು. ನನ್ನ ಹೆಸರು ಬೋಳಾಗಿತ್ತು, ಚಂದ ಕಾಣುತ್ತಿತ್ತು.

ಅರಿಷಿಣದ ದಿನ ಬೆಳಿಗ್ಗೆ ನಾನೇ ಕುಟ್ಟಿಸಿ ತಂದಿದ್ದ ಅರಿಷಿಣವನ್ನು ಎಣ್ಣೆಯಲ್ಲಿ ಕಲಸುತ್ತಿದ್ದೆ. ಹೊರಗೆ ಹೆಂಗಸರು ಸೇರಿದ್ದರು, ಹಾಡು ಶುರುವಾಗಿತ್ತು. ಮಗಳು ಹಳದಿ ಸೀರೆಯುಟ್ಟು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಒಂದ್ ಮಾತು. ಸಿಟ್ಟಾಗಬ್ಯಾಡ."

"ಹೇಳು."

"ನೀ ಹಚ್ಚಬ್ಯಾಡ."

"ಯಾರಂದ್ರು? ನಿಮ್ಮ ಕಾಕೂನ?"

"ಯಾರೂ ಅಂದಿಲ್ಲ. ನನಗ ಹೆದರಿಕಿ ಆಗ್ಲಿಕ್ಕತ್ತದ. ಇದೆಲ್ಲಾ ಸುಳ್ಳು ಅಂತ ಗೊತ್ತದ ನನಗ. ಆದ್ರ ಮುಂದ ಅವರಿಗೇನರ ಆತಂದ್ರ ನನಗ ಇವತ್ತಿನ ದಿನಾನ ನೆನಪಾಗ್ತದ. ಆಮ್ಯಾಲ ನಿನ್ನ ಮುಖ ನೋಡಿದಾಗೊಮ್ಮೆ..."

ಅಳತೊಡಗಿದಳು. ಸಮಾಧಾನ ಮಾಡಲು ಕೈ ಚಾಚಿದೆ. ಕೈತುಂಬ ಅರಿಷಿಣವಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ನನ್ನ ಲಗ್ನದಲ್ಲಿ ನನಗೆ ಅರಿಷಿಣ ಹಚ್ಚಿದವರು ಐದೂ ಜನ ಮುತ್ತೈದೆಯರೇ, ಒಬ್ಬರಿಗಿಂತ ಒಬ್ಬರು ತುಂಬಿದ ಮನೆಯವರು. ಆದರೂ ಇವಳಪ್ಪ ನಲವತ್ತು ಕಾಣಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂತು. ಲಗ್ನದ ಹುಡುಗಿಯ ಎದುರು ಆಡುವ ಮಾತೇ ಅದು? ನುಂಗಿಕೊಂಡೆ.

ನಳದ ಕೆಳಗೆ ಕೈ ತೊಳೆದುಕೊಂಡು, ಬಾಗಿಲು ತೆರೆದು ನೆಗೆಣ್ಣಿಯನ್ನು ಕೂಗಿದೆ.

"ಲಗೂ ಬಾರ. ಮೊದಲ ನೀ ಹಚ್ಚು. ಹುಡುಗಿ ಹೆದರ್ಯಾಳ."