ಗರಗಸದ ಹೊಟ್ಟೆಯೊಳಗಿನ ಭಂಡಾರ

ಮಷೀನು ಕೈಕೊಟ್ಟರೆ ನನಗೆ ಮನುಷ್ಯರ ಮೇಲೆ ಸಿಟ್ಟು ಬರುತ್ತದೆ. ಇವತ್ತಿಗೂ ಬಿಡದ ಕೆಟ್ಟ ಚಾಳಿ. ಆಗ ನಾನು ನ್ಯಾಲ್ಕಲ್ ಕಡೆ ಅಕ್ಕನ ಮನೆಯಲ್ಲಿದ್ದು ಜಹೀರಾಬಾದಿನ ಕಟ್ಟಿಗೆ ಡಿಪೋಗೆ ಮರ ಕೊಯ್ಯುತ್ತಿದ್ದೆ. ಡಿಪೋದವರು ಮೂಲೆಗೆಸೆದಿದ್ದ ಪೆಟ್ರೋಲ್ ಗರಗಸವೊಂದನ್ನು ರಿಪೇರಿ ಮಾಡಿ ನನ್ನದಾಗಿಸಿಕೊಂಡಿದ್ದೆ.

ದಸರಾ ಮುಗಿದ ನಾಲ್ಕನೇ ದಿನ ಬೆಳಗಿನ ಗಾಳಿಮಳೆಗೆ ಹಳೆ ಬೇವಿನಮರ ಅಕ್ಕನ ಕುರಿದೊಡ್ಡಿಯ ಮೇಲೆ ಉರುಳಿಬಿತ್ತು. ಒಂಬತ್ತು ಕುರಿ ಅಡಿಯಲ್ಲಿ ಸಿಕ್ಕಿಕೊಂಡವು. ಗಂಡ ಸತ್ತ ಮೇಲೆ ಅಕ್ಕನ ಬದುಕೆಲ್ಲ ಆ ಕುರಿಗಳೇ. ಊರವರು ಕೊಡಲಿ ಹಾಕಿದರು. ಏಟು ಬಿದ್ದಾಗಲೆಲ್ಲ ಕಾಂಡ ಇನ್ನಷ್ಟು ಕೆಳಗೆ ಕೂತು ಒಳಗೆ ಕುರಿಗಳು ಅರಚುತ್ತಿದ್ದವು.

"ಕೊಡಲಿ ಬಿಡ್ರಿ! ಮಷೀನ್ ತರತೀನಿ" ಎಂದು ಕೂಗಿದೆ.

ದೊಡ್ಡ ಮಾತು ಆಡಿದ್ದೆ. ಹಗ್ಗ ಎಳೆದೆ, ಎಳೆದೆ, ಗರಗಸ ಗುರ್ ಎನ್ನಲಿಲ್ಲ. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಅಂದರೆ ಎಣ್ಣೆ ಬರುತ್ತಿದೆ, ಕಿಡಿ ಇಲ್ಲ. ಒರೆಸಿ, ಇಂಜಿನ್ನಿನ ಮೈಗೆ ತಾಗಿಸಿ ಮತ್ತೆ ಎಳೆದೆ. ಕಿಡಿಯ ಸುಳಿವಿಲ್ಲ. ಹೊಸ ಪ್ಲಗ್ ಹಾಕಿದೆ, ಅದೂ ಸತ್ತಂತೆ ಕೂತಿತು. ಅದೇ ಕಿಡಿ ತಡೆದಿರಬಹುದೆಂದು ಬಂದ್ ಮಾಡುವ ಗುಂಡಿಯ ತಂತಿ ಕಿತ್ತೆಸೆದೆ, ಆಗಲೂ ಅಷ್ಟೇ. ದೊಡ್ಡಿಯಲ್ಲಿ ಕುರಿಗಳ ದನಿ ಕಡಿಮೆಯಾಗುತ್ತಿತ್ತು. ಒಬ್ಬ ಮುದುಕ ಬೀಡಿ ಸೇದುತ್ತಾ, "ಕೊಡಲೀನ ಛಲೋ ಇತ್ತು" ಎಂದ. ಸ್ಪ್ಯಾನರ್ ಎತ್ತಿ ಅವನ ತಲೆಗೆ ಎಸೆಯಬೇಕೆನಿಸಿತು.

ಕೊನೆಗೆ ಪಕ್ಕದ ಮುಚ್ಚಳ ಬಿಚ್ಚಿ ಚಕ್ರದ ಕಿಂಡಿಯಲ್ಲಿ ಇಣುಕಿದೆ. ಕಿಡಿ ಹುಟ್ಟಬೇಕಾದರೆ ಒಂದಕ್ಕೊಂದು ತಾಗಿ ಬಿಡಬೇಕಾದ ಎರಡು ಸಣ್ಣ ಪಾಯಿಂಟುಗಳ ನಡುವೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಭಂಡಾರ! ನಮ್ಮ ಬೀರಪ್ಪ ದೇವರ ಅರಿಶಿನ!

"ಯಾರು ಕೈ ಹಚ್ಯಾರ ಇದಕ?"

"ನಾನೇ ತಮ್ಮಾ" ಅಂದಳು ಅಕ್ಕ. "ಹಬ್ಬದ ದಿನ ನೀ ಅದರ ಹೊಟ್ಟಿ ಬಿಚ್ಚಿಟ್ಟು ಊಟಕ್ಕ ಹೋಗಿದ್ದಿ. ಒಳಗೂ ದೇವರು ಇರಲಿ ಅಂತ ಒಂದ್ ಹಿಡಿ ಒಗದೀನಿ. ನಿನ್ನ ಕೈಗೆ ಏನೂ ಆಗಬಾರದಲ್ಲಪ್ಪಾ."

"ನಿನ್ನ ಭಂಡಾರಕ್ಕ ಬೆಂಕಿ ಬೀಳಲಿ! ನಿನ್ನ ಕುರಿ ನೀನೇ ಕೊಂದಿ!"

ಸೇರಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ನಾನು ಪೋಸ್ಟ್ ಕಾರ್ಡಿನ ತುಂಡು ಹರಿದು ಪೆಟ್ರೋಲಿನಲ್ಲಿ ಅದ್ದಿ ಪಾಯಿಂಟುಗಳ ನಡುವೆ ಎಳೆದೆ, ಇನ್ನೊಂದು ತುಂಡಿನಿಂದ ಒಣಗಿಸಿದೆ. ನೀಲಿ ಕಿಡಿ ಚಟ್ ಎಂದಿತು. ನಾಲ್ಕನೇ ಎಳೆತಕ್ಕೆ ಗರಗಸ ಗರ್ಜಿಸಿತು. ನನ್ನ ಸಿಟ್ಟನ್ನೆಲ್ಲ ಆ ಬೇವಿನ ಮೇಲೆ ತೀರಿಸಿಕೊಂಡೆ. ಆದರೆ ಮುಚ್ಚಳ ತೆಗೆದಿಟ್ಟು ಉಣ್ಣಲು ಹೋದವನು ನಾನೇ ತಾನೆ? ಆ ಲೆಕ್ಕ ಆವತ್ತು ತಲೆಗೆ ಹತ್ತಲಿಲ್ಲ.

ಆರು ಕುರಿ ಎದ್ದು ನಿಂತವು. ಮೂರು ಏಳಲಿಲ್ಲ. ಅಕ್ಕ ಅವುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ನನ್ನ ಮುಖ ನೋಡದೆ ಕೇಳಿದಳು:

"ಮಷೀನ್ ಜಲ್ದಿ ಚಾಲೂ ಆಗಿದ್ರ ಇವು ಉಳೀತಿದ್ವೇನೋ?"

"ಇಲ್ಲಕ್ಕ. ಮರ ಬಿದ್ದಾಗನ ಹೋಗ್ಯಾವ."

ಆಕೆಯ ಅಂಗೈ ಒಂದು ಕುರಿಯ ಹೊಟ್ಟೆಯ ಮೇಲಿತ್ತು. ಅದು ಇನ್ನೂ ಬೆಚ್ಚಗಿರುವುದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು. "ಹೌದೇನು" ಎಂದಳು.